ಶನಿವಾರದ ಫೊರೆನ್ಸಿಕ್ ಮೇಡಂ

ಮೇಡಂಗೆ ಎಡಗಿವಿ ಕೇಳುತ್ತಿರಲಿಲ್ಲ. ಯಾರಾದರೂ ಮಾತಾಡಿದರೆ ಕುತ್ತಿಗೆ ವಾಲಿಸಿ ಬಲಗಿವಿಯನ್ನು ಹತ್ತಿರ ತರುತ್ತಿದ್ದರು. ಅವರ ಜುಮುಕಿ ನಮ್ಮ ಮುಖದ ಮುಂದೆಯೇ ತೂಗುತ್ತಿತ್ತು. ಹೊಸಬರಿಗೆ ಅದು ವಿಶೇಷ ಅಕ್ಕರೆಯಂತೆ ಕಾಣುತ್ತಿತ್ತು.

ಬ್ಯಾಂಕಿನ ತಪಾಸಣೆ ಕೆಲಸದಿಂದ ನಿವೃತ್ತರಾದ ಮೇಲೆ ಅವರು ವಾಮದಪದವಿನಿಂದ ಬಸ್ಸು ಹಿಡಿದು ಮೂಡುಬಿದಿರೆಯ ಕಾಲೇಜಿಗೆ ಬಂದು, ಶನಿವಾರ ಮಧ್ಯಾಹ್ನ ಫೊರೆನ್ಸಿಕ್ ಅಕೌಂಟಿಂಗ್ ಸರ್ಟಿಫಿಕೇಟ್ ಕೋರ್ಸ್ ನಡೆಸುತ್ತಿದ್ದರು. ಲೆಕ್ಕದೊಳಗಿನ ಮೋಸ ಪತ್ತೆಹಚ್ಚುವ ಪಾಠ. ಪತ್ತೇದಾರರಾಗುವ ಉಮೇದಿನಲ್ಲಿ ಸೇರಿದ ನಮ್ಮನ್ನು ಅವರು ಮೊದಲ ತಿಂಗಳಿಡೀ ಎದುರುಬದುರು ಕೂರಿಸಿ, ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುವುದನ್ನೇ ಅಭ್ಯಾಸ ಮಾಡಿಸಿದರು. ಮಧ್ಯೆ ಬಾಯಿ ಹಾಕಿದರೆ, "ಅವರದ್ದು ಮುಗೀಲಿಲ್ಲ ಮಾರಾಯ್ತಿ," ಎನ್ನುತ್ತಿದ್ದರು. ಬರುವಾಗ ಬಸ್‌ಸ್ಟ್ಯಾಂಡಿನ ಹೋಟೆಲಿನಿಂದ ಎಲ್ಲರಿಗೂ ಬನ್ಸ್ ಕಟ್ಟಿಸಿಕೊಂಡು ಬರುತ್ತಿದ್ದರು.

ಆಗ ನಾನು ಬಂಟ್ವಾಳ ಪೇಟೆಯ ದಿನಸಿ ಸಗಟು ಅಂಗಡಿಯೊಂದರಲ್ಲಿ ಬಿಲ್ ಮಾಡುತ್ತಿದ್ದೆ. ಒಂದು ದಿನ ನನ್ನ ಪಾಸ್‌ವರ್ಡಿನಲ್ಲಿ ಕೆಲವು ಬಿಲ್‌ಗಳು ರದ್ದಾಗಿರುವುದೂ ಅವುಗಳ ಹಣ ಕಾಣೆಯಾಗಿರುವುದೂ ಧಣಿಯ ಕಣ್ಣಿಗೆ ಬಿತ್ತು. ಕೆಲಸದವರ ಎದುರೇ ನನ್ನನ್ನು ಕಳ್ಳಿ ಎಂದು ಕರೆದು ಕೆಲಸದಿಂದ ತೆಗೆದುಬಿಟ್ಟರು. ಆ ಶನಿವಾರ ಕೋರ್ಸ್ ಬಿಡುತ್ತೇನೆಂದು ಹೇಳಲು ಹೋದೆ. ಮೇಡಂ ಪೂರ್ತಿ ಕೇಳಿಸಿಕೊಂಡು, ಸೋಮವಾರ ನನ್ನೊಂದಿಗೆ ಅಂಗಡಿಗೆ ಬಂದರು.

ಧಣಿಯನ್ನು ಅವರು ಕೇಳಿದ್ದು ಒಂದೇ ಪ್ರಶ್ನೆ: "ಇವಳು ರಜೆ ಹಾಕಿದ ದಿನ ಬಿಲ್ ಯಾರು ಮಾಡ್ತಾರೆ?"

ಮಗ ಮಾಡುತ್ತಾನೆ, ಪಾಸ್‌ವರ್ಡ್ ಅವನಿಗೂ ಗೊತ್ತು ಎಂದರು ಧಣಿ. ಮೇಡಂ ಏನೂ ಹೇಳದೆ ಕಾದರು. ಧಣಿ ತಾವಾಗಿಯೇ ಕಂಪ್ಯೂಟರ್ ತೆರೆದು ನೋಡಿದರು. ರದ್ದಾದದ್ದೆಲ್ಲ ನಾನಿಲ್ಲದ ದಿನಗಳಲ್ಲಿ. ಮಗ ಮೊಬೈಲಿನಲ್ಲಿ ಕ್ರಿಕೆಟ್ ಬೆಟ್ಟಿಂಗ್ ಆಡುತ್ತಾನೆಂದು ಹೇಳುವಷ್ಟರಲ್ಲಿ ಅವರ ದನಿ ಇಳಿದುಹೋಯಿತು. ಕರೆಸಿದಾಗ ಮಗ ಅಲ್ಲಗಳೆಯಲಿಲ್ಲ.

ನಾಳೆಯಿಂದಲೇ ಕೆಲಸಕ್ಕೆ ಬಾ ಎಂದು ಧಣಿ ನನಗೆ ಹೇಳಿದರು. ಮೇಡಂ ತಡೆದರು. "ಬರುವುದು ಬಿಡುವುದು ಅವಳಿಷ್ಟ. ಇವಳು ಕದ್ದಿಲ್ಲ ಅಂತ ನೀವು ಕೆಲಸದವರ ಎದುರು ಹೇಳ್ಬೇಕು. ಅಷ್ಟು ಬಾಕಿ ಉಂಟು."

ಧಣಿ ಹೇಳಿದರು. ಮೂಟೆ ಹೊರುವವರು ಕೆಲಸ ನಿಲ್ಲಿಸಿ ಕೇಳಿದರು. ನಾನು ಅಲ್ಲಿಗೆ ಮರಳಲಿಲ್ಲ. ಕೋರ್ಸ್ ಮುಗಿಸಿ ಲೆಕ್ಕಪರಿಶೋಧಕರೊಬ್ಬರ ಕಚೇರಿ ಸೇರಿದೆ.

ಕಳೆದ ವರ್ಷ ಮೇಡಂ ತೀರಿಕೊಂಡರು. ಅವರ ಮನೆಯಂಗಳದಲ್ಲಿ ಆ ಧಣಿಯನ್ನು ಕಂಡು ಆಶ್ಚರ್ಯವಾಯಿತು. ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಮಗ ಈಗ ಸರಿ ಇದ್ದಾನೆ. ಆಮೇಲೂ ಮೇಡಂ ಬರ್ತಾ ಇದ್ರು. ಅವನ ಹತ್ತಿರ ಕೂತು ಮಾತಾಡಿ ಹೋಗ್ತಿದ್ರು."

ಅವನ ಮೇಲೆ ನನಗೆಷ್ಟು ಸಿಟ್ಟಿತ್ತೆಂದು ಮೇಡಂಗೆ ಗೊತ್ತಿತ್ತು. ಅದಕ್ಕೇ ಇರಬೇಕು, ನನಗೆ ಒಮ್ಮೆಯೂ ಹೇಳಿರಲಿಲ್ಲ. ಗೇಟಿನ ಬಳಿ ಅವನು ಟೆಂಪೋದಿಂದ ಕುರ್ಚಿಗಳನ್ನು ಇಳಿಸುತ್ತಿದ್ದ. ನಾನು ಹೋಗಿ ಕೈಯೊಡ್ಡಿದೆ. ಒಂದು ಕ್ಷಣ ನನ್ನ ಮುಖ ನೋಡಿ, ಕುರ್ಚಿ ಕೊಟ್ಟ.