ಬಿಸಿಲು ಮುಖಕ್ಕೆ ಬೀಳುವ ಸೀಟು

ಮೆಲ್ಬರ್ನ್‌ನಲ್ಲಿ ಆಡುವ ಫುಟ್‌ಬಾಲ್ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಚೆಂಡು ದುಂಡಗಿರುವುದಿಲ್ಲ, ಎರಡು ಕಡೆಯೂ ಚೂಪು. ಕೈಯಲ್ಲೂ ಹಿಡಿಯುತ್ತಾರೆ, ಕಾಲಲ್ಲೂ ಒದೆಯುತ್ತಾರೆ, ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಎರಡು ತುದಿಯಲ್ಲೂ ಕಂಬ ನೆಟ್ಟಿರುತ್ತಾರೆ. ಆದರೆ ಎಲ್ಲಿ ಕೂತರೆ ಚೆನ್ನಾಗಿ ಕಾಣುತ್ತದೆ ಎನ್ನುವುದು ಆಟದ ವಿಷಯವಲ್ಲ, ಅದು ನನಗೆ ಗೊತ್ತು ಎಂದುಕೊಂಡಿದ್ದೆ. ಕಂಪನಿ ನಾಟಕದ ಟೆಂಟಿನಲ್ಲಿ ಕಂಬದ ಹಿಂದೆ ಕೂತು ಅರ್ಧ ರಾಜನನ್ನು ಮಾತ್ರ ನೋಡಿ ಬಂದವಳು ನಾನು. ಆಮೇಲೆ ಎಲ್ಲಿಗೆ ಹೋದರೂ ಮೊದಲು ಜಾಗ ನೋಡುವ ಅಭ್ಯಾಸವಾಯಿತು.

ಇದು ತೊಂಬತ್ತರ ದಶಕದ ಮಾತು. ಆಗ ಮೆಲ್ಬರ್ನ್‌ನಲ್ಲಿ ಮಗನ ಮನೆಯಲ್ಲಿದ್ದೆ. ಮಗ ಮೂಳೆ ಡಾಕ್ಟರು. ಮೊಮ್ಮಗನಿಗೆ ಹದಿನಾರು. ಅವನು ಓದುತ್ತಿದ್ದ ಕಡೆ ಸ್ಕೂಲಿಗೂ ಕಾಲೇಜು ಎಂದೇ ಕರೆಯುತ್ತಿದ್ದರು. ಆ ಕಾಲೇಜಿನ ಫುಟ್‌ಬಾಲ್ ಟೀಮಿಗೆ ಹುಡುಗ ಸೇರಿದ್ದ. ಅದಕ್ಕೆ ಮೊದಲು ಅವನಿಗೆ ಮನೆಯಲ್ಲಿ ಫ್ರಿಜ್ಜಿನ ಜೊತೆ ಬಿಟ್ಟರೆ ಬೇರೆ ಯಾರ ಜೊತೆಗೂ ವ್ಯವಹಾರವಿರಲಿಲ್ಲ. ಸೇರಿದ ಮೇಲೆ ಊಟಕ್ಕೆ ನಮ್ಮ ಜೊತೆ ಕೂರುತ್ತಿದ್ದ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಇಂಗ್ಲಿಷಿನಲ್ಲೇ ಕೊಡುತ್ತಿದ್ದ, ಆದರೂ ಕೊಡುತ್ತಿದ್ದ.

ಮಗನಿಗೆ ಈ ಆಟ ಕಂಡರೆ ಆಗದು. ಶನಿವಾರ ಆಡಿ ಮಂಡಿ ತಿರುಚಿಕೊಂಡವರು, ಭುಜ ಕಳಚಿಕೊಂಡವರು ಸೋಮವಾರ ಅವನ ಎದುರಿಗೇ ಬಂದು ಮಲಗುತ್ತಿದ್ದರು. ನಿಲ್ಲಿಸು ಎಂದು ಅಪ್ಪ, ಇಲ್ಲ ಎಂದು ಹುಡುಗ. ಒಂದು ರಾತ್ರಿ ಊಟದ ಹೊತ್ತಿಗೆ ಅದೊಂದು ತೀರ್ಮಾನಕ್ಕೆ ಬಂತು.

"ಒಂದು ಮ್ಯಾಚ್ ಬಂದು ನೋಡ್ತೀನಿ," ಎಂದ ಮಗ. "ಸರಿ ಅನ್ಸಿದ್ರೆ ಆಡು. ಇಲ್ಲ ಅಂದ್ರೆ ಶನಿವಾರ ಟ್ಯೂಷನ್‌ಗೆ ಹೋಗು."

ಹುಡುಗ ಏನೋ ಗೊಣಗಿದ. ಇಲ್ಲಿಯವರೆಗೆ ನೀವು ಒಂದು ಮ್ಯಾಚಿಗೂ ಬಂದಿಲ್ಲ ಎಂದು ಅದರ ಅರ್ಥವಂತೆ. ಸೊಸೆ ಹೇಳಿದಳು.

"ನಾನೂ ಬರ್ತೀನಿ," ಎಂದೆ.

"ಅಮ್ಮ, ಚಳಿ ಇರುತ್ತೆ."

"ನಿನಗಿರಲ್ವಾ?"

ಸೀರೆಯ ಮೇಲೆ ಮಗನ ಹಳೆಯ ಜಾಕೆಟ್ಟು, ಕಾಲಿಗೆ ಉಣ್ಣೆಯ ಕಾಲುಚೀಲ, ಅದರ ಮೇಲೆ ಚಪ್ಪಲಿ, ಕೈಯಲ್ಲಿ ಕೋಡುಬಳೆ ಡಬ್ಬಿ. ಹೀಗೆ ನಾನು ಕಾಲೇಜಿನ ಸ್ಟೇಡಿಯಮ್ಮಿಗೆ ಹೋದೆ. ಮೈದಾನದ ಎರಡು ಪಕ್ಕದಲ್ಲೂ ಮೆಟ್ಟಿಲು ಮೆಟ್ಟಿಲಾಗಿ ಮರದ ಬೆಂಚು, ಮೇಲೆ ಚಾವಣಿ, ಹಿಂದೆ ಗೋಡೆಯಿಲ್ಲ. ಆಕಾಶದ ತುಂಬ ಮೋಡ. ಜನವೆಲ್ಲ ಆಚೆ ಪಕ್ಕದಲ್ಲಿ ಕೂತಿದ್ದರು, ಈಚೆ ಪಕ್ಕ ಖಾಲಿ.

"ಅತ್ತೆ, ಎಲ್ಲಾರೂ ಆ ಕಡೆ ಕೂತಿದ್ದಾರೆ ನೋಡಿ. ಅಲ್ಲಿಗೇ ಹೋಗೋಣ," ಎಂದಳು ಸೊಸೆ.

"ಅಲ್ಲಿ ಕಾಫಿ ಮಾರ್ತಿದ್ದಾರೆ, ಅದಕ್ಕೆ ಕೂತಿದ್ದಾರೆ. ಲೋ, ಪೂರ್ವ ಯಾವ ಕಡೆಯೋ?"

ಮಗ ಕಾರು ನಿಲ್ಲಿಸಿದ ಕಡೆ ತೋರಿಸಿದ. ನಾನು ಲೆಕ್ಕ ಹಾಕಿದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಾದರೂ ಹಪ್ಪಳ ಒಣಗಿಸಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ದಕ್ಷಿಣದ ಪಕ್ಕ, ಅಂದರೆ ಈಚೆ ಪಕ್ಕ, ಕೂತರೆ ಬಿಸಿಲು ಬೆನ್ನಿಗೆ ಬೀಳುತ್ತದೆ, ಬೆನ್ನೂ ಬೆಚ್ಚಗೆ, ಕಣ್ಣಿಗೂ ತೊಂದರೆಯಿಲ್ಲ.

"ಇಲ್ಲೇ ಕೂರೋದು," ಎಂದೆ. ಮುಂದಿನ ಸಾಲು ಬೇಡ, ಬೇಲಿ ಹತ್ತಿರ ಯಾರಾದರೂ ಬಂದು ನಿಂತರೆ ಅವರ ಬೆನ್ನೇ ಆಟ. ಚಾವಣಿಯ ಕಂಬದ ಹತ್ತಿರವೂ ಬೇಡ. ನಾಲ್ಕನೇ ಸಾಲಿನಲ್ಲಿ, ಸರಿಯಾಗಿ ನಡುವಿಗೆ ಕಂಬಳಿ ಹಾಸಿದೆ. ಮಗ ಕೂತ. ಸೊಸೆ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದಳು.

ಆಟಕ್ಕೆ ಮೊದಲು ಹುಡುಗ ಬೇಲಿಯವರೆಗೆ ಬಂದ. ಆ ಚಳಿಯಲ್ಲಿ ತೊಡೆಗೆ ಬಟ್ಟೆಯಿಲ್ಲ.

"ನೀವು ಇಲ್ಲೇ ಇರ್ತೀರಾ?" ಎಂದ, ಕನ್ನಡದಲ್ಲಿ.

"ಇಲ್ಲೇ. ಇನ್ನೆಲ್ಲಿಗೆ ಹೋಗ್ತೀವಿ?" ಎಂದೆ.

"ಮೌತ್‌ಗಾರ್ಡ್ ಹಾಕ್ಕೊಂಡಿದೀಯಾ?" ಎಂದು ಕೇಳಿದ ಅವನಪ್ಪ. ಹುಡುಗ ತುಟಿ ಎತ್ತಿ ಹಲ್ಲಿನ ಕವಚ ತೋರಿಸಿ ಓಡಿದ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಮೋಡ ಸರಿಯಿತು. ಬಿಸಿಲು ನೇರವಾಗಿ ಮುಖಕ್ಕೆ ಬಂತು. ಎದುರಿಗೆ, ಉತ್ತರದ ಚಾವಣಿಯ ಮೇಲೆ ಸೂರ್ಯ ಕೂತಿದ್ದ.

"ಅಮ್ಮ, ನಿನ್ನ ಸೂರ್ಯ ಎಲ್ಲಿ ಬಂದ ನೋಡು."

"ನನಗೇನು ಹೇಳ್ತೀಯ, ಅವನಿಗೆ ಹೇಳು."

"ಅತ್ತೆ, ಈ ದೇಶದಲ್ಲಿ ಸೂರ್ಯ ಉತ್ತರದ ಕಡೆಯಿಂದಲೇ ಹೋಗೋದು," ಎಂದಳು ಸೊಸೆ. "ಮನೆ ತಗೊಳ್ಳುವಾಗ ಏಜೆಂಟ್ ಹೇಳಿದ್ದ."

"ಅದನ್ನ ಕೂರೋಕೆ ಮುಂಚೆ ಹೇಳೋಕೇನಾಗಿತ್ತು?"

"ನೀವು ಹೇಳೋಕೆ ಬಿಟ್ರಾ?"

ಬಿಟ್ಟಿರಲಿಲ್ಲ. ಅದಕ್ಕೆ ಕೆಲವು ವರ್ಷ ಮೊದಲು, ಎಂಬತ್ತರ ದಶಕದ ಕೊನೆಗೆ, ಸಿಡ್ನಿಯಲ್ಲಿ ಮಗಳ ಮನೆಯಲ್ಲಿ ಒಂದು ಬೇಸಿಗೆ ಕಳೆದಿದ್ದೆ. ಆಗ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಿದ್ದ, ಎತ್ತ ವಾಲುತ್ತಾನೆ ಎಂದು ನಾನು ನೋಡಿರಲಿಲ್ಲ. ಮೆಲ್ಬರ್ನ್‌ನಲ್ಲಿ ಚಳಿಗೆ ಹೆದರಿ ಮನೆಯಿಂದ ಹೊರಗೆ ಬಂದಿದ್ದೇ ಕಡಿಮೆ.

ಮೈದಾನದಲ್ಲಿ ಓಡುವವರೆಲ್ಲ ಕಪ್ಪು ನೆರಳಾದರು. ಬೆನ್ನಿನ ನಂಬರು ಕಾಣದು, ಅಂಗಿಯ ಬಣ್ಣ ಕಾಣದು. ಮಗ ಹುಬ್ಬಿಗೆ ಕೈ ಅಡ್ಡ ಹಿಡಿದು ಕೂತ. ನಡುವಿನಲ್ಲಿ ಒಬ್ಬನನ್ನು ಇಬ್ಬರು ಕೆಡವಿ ಮೇಲೆ ಬಿದ್ದರು. ಮಗ ಎದ್ದು ನಿಂತ.

"ಬಿದ್ದವನು ಇವನೇನಾ?"

ನಾನು ಸೆರಗನ್ನು ಹಣೆಯವರೆಗೆ ಎಳೆದುಕೊಂಡಿದ್ದೆ, ನನಗೆ ಸ್ವಲ್ಪ ಕಾಣುತ್ತಿತ್ತು. ಬಿದ್ದವನ ಒಂದು ಕಾಲುಚೀಲ ಪಾದದವರೆಗೆ ಜಾರಿತ್ತು. ಮನೆಯಲ್ಲೂ ಅವನದು ಹಾಗೇ ಜಾರುತ್ತಿತ್ತು.

"ಯಾರಾದ್ರೇನು, ಎದ್ದ," ಎಂದೆ.

ಮಗ ನನ್ನ ಮುಖ ನೋಡಿ ಕೂತ.

ಅರ್ಧ ಆಟಕ್ಕೆ ಬಿಡುವು ಕೊಟ್ಟರು. "ನೋಡೋಕೆ ಅಂತ ಬಂದಿರೋದು ನಾನು. ಏನೂ ಕಾಣ್ತಿಲ್ಲ. ಆ ಕಡೆ ಹೋಗೋಣ," ಎಂದ ಮಗ. ನನಗದು ಬೇಡವಾಗಿತ್ತು. ಆಚೆ ಪಕ್ಕದಿಂದ ಎಲ್ಲ ಸರಿಯಾಗಿ ಕಂಡರೆ ಇವನು ಆಟ ನಿಲ್ಲಿಸುತ್ತಾನೆ, ಹುಡುಗ ಮತ್ತೆ ಫ್ರಿಜ್ಜಿನ ಹತ್ತಿರ ಹೋಗುತ್ತಾನೆ ಎನಿಸಿತು. ಮಂಡಿ ನೋವು ಎಂದೆ. ಮೂಳೆ ಡಾಕ್ಟರ ಮುಂದೆ ಅದು ನಡೆಯಲಿಲ್ಲ.

"ಬೆಳಿಗ್ಗೆಯಿಂದ ಮೆಟ್ಟಿಲು ಹತ್ತಿ ಇಳಿದಿದ್ದು ನೋಡಿದೀನಿ. ಏಳಮ್ಮ."

ಆಚೆ ಪಕ್ಕದಲ್ಲಿ ಬೆನ್ನಿಗೆ ಹಿತವಾದ ಬಿಸಿಲು. ಪ್ರತಿಯೊಂದೂ ಕಾಣುತ್ತಿತ್ತು, ಕೆಸರು, ಗೀರಿದ ಮಂಡಿ, ಹುಡುಗರ ಮೂಗಿನಿಂದ ಸುರಿಯುವ ಸಿಂಬಳ ಸಹಿತ. ಮಗ ಬಾಯೊಳಗೇ "ಭುಜ... ಕತ್ತು..." ಎನ್ನುತ್ತಿದ್ದ. ಇದು ಮುಗಿದ ಕತೆ ಎಂದುಕೊಂಡು ಕೋಡುಬಳೆ ಡಬ್ಬಿ ತೆಗೆದೆ.

ಮೊಮ್ಮಗ ಒಂದು ಸಲ ಎತ್ತರಕ್ಕೆ ನೆಗೆದು ಚೆಂಡು ಹಿಡಿದ, ದೊಪ್ಪನೆ ಬೆನ್ನ ಮೇಲೆ ಬಿದ್ದ. ಎದ್ದು, ಒದೆಯುವ ಮುಂಚೆ ತಿರುಗಿ ನೋಡಿದ. ನಮ್ಮ ಕಡೆಯಲ್ಲ, ಆ ಕಡೆ, ನಾಲ್ಕನೇ ಸಾಲಿನ ನಡುವಿಗೆ. ಅಲ್ಲಿ ಯಾರೂ ಇರಲಿಲ್ಲ. ಒದೆದ ಚೆಂಡು ಎಲ್ಲೋ ಹೋಯಿತು. ಇನ್ನೊಂದು ಸಲ ಬಿದ್ದು ಎದ್ದಾಗಲೂ ಅಲ್ಲಿಗೇ ನೋಡಿದ.

"ನಮ್ಮನ್ನ ಹುಡುಕ್ತಿದ್ದಾನೆ," ಎಂದಳು ಸೊಸೆ.

ಮಗ ಎದ್ದು ಕೈ ಬೀಸಿದ.

"ಕೈ ಬೀಸಿ ಏನು ಪ್ರಯೋಜನ? ಸೂರ್ಯ ನಮ್ಮ ಬೆನ್ನ ಹಿಂದೆ ಇದ್ದಾನೆ. ಅವನು ಈ ಕಡೆ ತಿರುಗಿದ್ರೂ ನಾವು ಕಪ್ಪಾಗೇ ಕಾಣೋದು," ಎಂದೆ. "ಅಪ್ಪ ನೋಡಿದ್ದು ಸಾಕು ಅಂತ ಎದ್ದು ಮನೆಗೆ ಹೋದ ಅಂದ್ಕೊಂಡಿರ್ತಾನೆ. ಇನ್ನು ಆಡಿದ್ರೂ ಒಂದೇ, ಬಿಟ್ರೂ ಒಂದೇ ಅವನಿಗೆ."

ಮಗ ಕಾರಿನ ಕೀ ತೆಗೆದುಕೊಂಡು ಇಳಿದು ಹೋದ. ಆಸ್ಪತ್ರೆಯಿಂದ ಕರೆ ಬಂದಿರಬೇಕು, ಕಾರಿಗೆ ಹೋದ ಎಂದುಕೊಂಡೆ. ಅವನು ಕಾರಿನ ಕಡೆ ಹೋಗಲಿಲ್ಲ. ಬೇಲಿಯ ಹೊರಗಿನಿಂದ, ಕಂಬಗಳ ಹಿಂದಿನಿಂದ ಸುತ್ತಿಕೊಂಡು ನಡೆದ. ಆಚೆ ಪಕ್ಕ ಹತ್ತಿ, ನಾಲ್ಕನೇ ಸಾಲಿನಲ್ಲಿ, ನಾವು ಮೊದಲು ಕೂತಿದ್ದ ಜಾಗದಲ್ಲೇ ಕೂತ. ಆ ಬೆಂಚುಗಳ ಮೇಲೆಲ್ಲ ಅವನೊಬ್ಬನೇ. ಪೂರ್ತಿ ಬಿಸಿಲು ಮುಖದ ಮೇಲೆ. ಹುಬ್ಬಿಗೆ ಕೈ. ಅವನಿಗೆ ಏನೂ ಕಾಣುತ್ತಿರಲಿಲ್ಲ ಎನ್ನುವುದು ನನಗೆ ಗೊತ್ತು. ನಮಗೆ ಅವನ ಬಕ್ಕತಲೆ ಹೊಳೆಯುವುದೂ ಕಾಣುತ್ತಿತ್ತು.

ಮೊಮ್ಮಗ ನೋಡಿದ. ಕೈ ಎತ್ತಲಿಲ್ಲ, ಏನೂ ಮಾಡಲಿಲ್ಲ. ಬಗ್ಗಿ ಕಾಲುಚೀಲ ಮೇಲಕ್ಕೆಳೆದುಕೊಂಡು ಓಡಿದ.

ಅವತ್ತು ಅವರ ಟೀಮು ಸೋತಿತು. ಕಾರಿನಲ್ಲಿ ಕೆಸರಿನ ವಾಸನೆ. ಸುಮಾರು ದೂರ ಬಂದ ಮೇಲೆ ಹುಡುಗ, "ಸೋ?" ಎಂದ.

ಅಪ್ಪ ರಸ್ತೆಯ ಕಡೆ ನೋಡುತ್ತ, "ನನಗೆ ಸರಿಯಾಗಿ ಕಾಣಿಸಲಿಲ್ಲ. ಇನ್ನೊಂದು ಮ್ಯಾಚ್ ನೋಡ್ಬೇಕು," ಎಂದ.

ಸೊಸೆ ನನ್ನ ಕಡೆ ತಿರುಗಿದಳು. ನಾನು ಅವಳಿಗೊಂದು ಕೋಡುಬಳೆ ಕೊಟ್ಟೆ.

ಮಗ ಇನ್ನೊಂದು ಮ್ಯಾಚ್ ನೋಡಿದ, ಆಮೇಲೆ ಮತ್ತೊಂದು. ಎರಡು ಚಳಿಗಾಲ ಆಸ್ಪತ್ರೆಯ ಕೆಲಸವಿಲ್ಲದ ಶನಿವಾರವೆಲ್ಲ ಹೋದ. ಆಡು ಎಂದೂ ಹೇಳಲಿಲ್ಲ, ನಿಲ್ಲಿಸು ಎಂದೂ ಹೇಳಲಿಲ್ಲ. ಕಪ್ಪು ಕನ್ನಡಕ, ಅಗಲ ಟೋಪಿ ತೆಗೆದುಕೊಂಡ. ಯಾವ ಮೈದಾನವಾದರೂ ಬಿಸಿಲು ಎದುರಿಗೆ ಬೀಳುವ ಪಕ್ಕದಲ್ಲೇ ಹೋಗಿ ಒಬ್ಬನೇ ಕೂರುತ್ತಿದ್ದ. ಸೊಸೆಯೂ ನಾನೂ ಈ ಕಡೆ, ಬಿಸಿಲಿಗೆ ಬೆನ್ನು ಕಾಯಿಸಿಕೊಂಡು ಆಟ ನೋಡುತ್ತಿದ್ದೆವು. ಮುಗಿದ ಮೇಲೆ ಮಗ ಸುತ್ತಿಕೊಂಡು ಬಂದು, ಆ ನಡುವಿನಲ್ಲಿ ಜೋರಾಗಿ ಬಿದ್ದವನು ಯಾರು, ಇವನೇನಾ ಎಂದು ಕೇಳುತ್ತಿದ್ದ.

"ಎದ್ದ," ಎನ್ನುತ್ತಿದ್ದೆ.