ಉಡಿ ತುಂಬಿದ ಕೈ

ಆ ದಿನ ಚಿಗವ್ವನ ಕೈಯಿಂದ ಜಾರಿದ್ದು ಕೊಬ್ಬರಿ ಬಟ್ಟಲೋ ಉತ್ತತ್ತಿಯೋ, ಈಗ ಖಾತ್ರಿಯಿಲ್ಲ. ಎಡಗೈ ಎಂದು ನೆನಪು. ಲಕ್ವಾ ಹೊಡೆದದ್ದು ಆ ಕೈಗೇ ಆದ್ದರಿಂದ ನೆನಪು ತಾನಾಗಿ ಅದನ್ನೇ ಆರಿಸಿಕೊಂಡಿರಲೂಬಹುದು.

ಚಿಗವ್ವ ನನ್ನ ಅವ್ವನ ತಂಗಿ, ಬೆಟಗೇರಿಯಲ್ಲಿ ಸೀರೆ ನೇಯುವವಳು. ಹಿಂದಿನ ವರ್ಷ ಮಗ್ಗದಲ್ಲಿ ಕೂತಿದ್ದಾಗಲೇ ಕೈ ಸೋತು, ಬಾಯಿ ಸೊಟ್ಟಗಾಗಿತ್ತು. ಬೇಗ ಆಸ್ಪತ್ರೆಗೆ ಒಯ್ದದ್ದರಿಂದ ಚೇತರಿಸಿಕೊಂಡಳು. ಅಂದಿನಿಂದ ರಕ್ತ ಹೆಪ್ಪುಗಟ್ಟದಂತೆ ದಿನಾ ಗುಳಿಗೆ. ಆಮೇಲೆ ಮುಟ್ಟು ನಿಲ್ಲದಾಯಿತು. ವಾರಗಟ್ಟಲೆ ಹೋಗುತ್ತಿತ್ತು, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಅವಳ ಚಿಂತೆ ಮಾತ್ರ ಬೇರೆ: ಮುಂಡರಗಿಯಲ್ಲಿ ಮಗಳ ಕುಬಸ, ಅಂದರೆ ಸೀಮಂತ. ಬಸುರಿ ಮಗಳಿಗೆ ಉಡಿ ತುಂಬಬೇಕಾದವಳು ತಾಯಿ. ಮುಟ್ಟಾದವಳು ಬಸುರಿ ಕೂತ ಮಣೆಯ ಹತ್ತಿರ ಸುಳಿಯುವಂತಿಲ್ಲ.

ಇದಕ್ಕೆ ನಮ್ಮ ಹೆಂಗಸರಿಗೆಲ್ಲ ಗೊತ್ತಿರುವ ದಾರಿ ಔಷಧಿ ಅಂಗಡಿಯ ಗುಳಿಗೆ, ಮುಟ್ಟು ಮುಂದೂಡುವಂಥದ್ದು. ಮದುವೆ, ಪೂಜೆ ಎಂದರೆ ನಾನೂ ನುಂಗಿದ್ದೇನೆ. ನಾನು ಜೊತೆಗೆ ಹೋದಾಗ ಗದಗಿನ ಡಾಕ್ಟರ ಹತ್ತಿರ ಚಿಗವ್ವ ಅದನ್ನೇ ಕೇಳಿದಳು.

“ಅದು ನಿಮಗಲ್ರಿ,” ಎಂದರು ಅವರು. “ಒಮ್ಮೆ ಲಕ್ವಾ ಹೊಡದೈತಿ. ಆ ಗುಳಿಗಿಯಿಂದ ರಕ್ತ ಹೆಪ್ಪುಗಟ್ಟಿ ಮತ್ತ ಹೊಡದ್ರ, ಎದ್ದು ಕುಂಡ್ರತೀರಿ ಅಂತ ಹೇಳಾಕ ಬರೂದಿಲ್ಲ.” ದಿನದ ಗುಳಿಗೆಯನ್ನೂ ತಾನಾಗಿ ಬಿಡಬಾರದೆಂದರು. ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಕೆಟ್ಟದ್ದೇನೂ ಇರಲಿಲ್ಲ. ಮುಂದಿನ ಭೇಟಿಯಲ್ಲಿ ಔಷಧಿ ತುಂಬಿದ ಪುಟ್ಟ ಸಾಧನವೊಂದನ್ನು ಗರ್ಭಕೋಶದೊಳಗೆ ಕೂಡಿಸಿದರು. ಅದರ ಔಷಧಿ ಬಹುಮಟ್ಟಿಗೆ ಅಲ್ಲೇ ಕೆಲಸ ಮಾಡುತ್ತದಂತೆ. ಆದರೆ ರಕ್ತ ಕಡಿಮೆಯಾಗಲು ಕೆಲವು ತಿಂಗಳು ಬೇಕು.

“ಹಂಗಾರ ಮಗಳ ಹೊಟ್ಟ್ಯಾಗಿನ ಕೂಸಿಗೆ ನೀವ ಹೇಳ್ರಿ, ಒಂದೀಟು ತಡಕೊ ಅಂತ,” ಅಂದಳು ಚಿಗವ್ವ. ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ.

ಉಡಿಯನ್ನು ನಮ್ಮವ್ವ ತುಂಬಲಿ ಎಂದು ಮನೆಯಲ್ಲಿ ಹೇಳಿ ನೋಡಿದೆ. ಹಡೆದವಳು ಜೀವಂತ ಇರುವಾಗ ಬೇರೆಯವರು ಯಾಕೆ ಎಂದು ಚಿಗವ್ವ ಮಾತು ಮುರಿದಳು. ಆಮೇಲೆ ಮುಟ್ಟು ಮುಂದೂಡುವ ಗುಳಿಗೆಯ ಸುದ್ದಿಯನ್ನೇ ಎತ್ತಲಿಲ್ಲ. ಅಂಗಡಿಯಿಂದ ತಾನೇ ತಂದು ನುಂಗಿಬಿಟ್ಟಾಳೆಂದು ನಾನು ಹೆದರಿದೆ.

ಕುಬಸದ ದಿನ ಮಗಳು ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತಿದ್ದಳು. ಚಿಗವ್ವ ಯಾರನ್ನೂ ಕೇಳದೆ ಮುಂದೆ ಹೋಗಿ ಅಕ್ಕಿ, ಅಡಿಕೆ, ಕೊಬ್ಬರಿ ಉಡಿಗೆ ಹಾಕತೊಡಗಿದಳು. ಎಲ್ಲರೂ ಮಗಳನ್ನು ನೋಡುತ್ತಿದ್ದರು. ನಾನು ಚಿಗವ್ವನ ಬಾಯಿಯನ್ನು, ಕೈಯನ್ನು. ಆಗಲೇ ಏನೋ ಜಾರಿತು. ಬಗ್ಗಿ ಎತ್ತಿಕೊಂಡು ನಕ್ಕಳು. ನಗು ನೆಟ್ಟಗೇ ಇತ್ತು.

ಮರಳುವ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಾನು ಮೆಲ್ಲಗೆ ಕೇಳಿದ್ದಕ್ಕೆ ಇವತ್ತಿಗೂ ಉತ್ತರ ಕೊಟ್ಟಿಲ್ಲ:

“ಚಿಗವ್ವಾ, ಆ ಗುಳಿಗಿ ನುಂಗಿದ್ಯೋ, ಇಲ್ಲಾ ಮುಟ್ಟಿನ್ಯಾಗ ಉಡಿ ತುಂಬಿದ್ಯೋ?”