ಕತಾರು ಮುರಿಯದ ದಿನ

ನನಗೆ ಕತ್ತು ತಿರುಗಿಸುವ ಚಾಳಿ ಇತ್ತು. ಕಲಬುರಗಿಯಲ್ಲಿ ಪಲ್ಟನ್ನಿಗೆ ಸೇರಿ ಎರಡು ತಿಂಗಳಾದರೂ ಅದು ಹೋಗಲಿಲ್ಲ. ಐವಾನ್-ಎ-ಶಾಹಿ ಅರಮನೆಯ ಆಚೆಯ ಬಯಲಿನಲ್ಲಿ ದಿನಾ ಬೆಳಿಗ್ಗೆ ನಾಲ್ಕು ನಾಲ್ಕು ಮಂದಿ ಸಾಲುಗಟ್ಟಿ ಓಡಬೇಕು. ಹೆಗಲಿಗೆ ಹೆಗಲು ಸಮ ಇರಬೇಕು, ಕಣ್ಣು ಮಾತ್ರ ನೇರ ಮುಂದೆ. ಈ ಸಾಲಿಗೆ ಹವಾಲ್ದಾರರು ಕತಾರು ಎನ್ನುತ್ತಿದ್ದರು. ಸಮ ಇದ್ದೇನೆಯೋ ಇಲ್ಲವೋ ಎಂದು ಪಕ್ಕಕ್ಕೆ ನೋಡಲು ಹೋಗಿಯೇ ನಾನು ಸಾಲು ಕೆಡಿಸುತ್ತಿದ್ದೆ. ಬೈಸಿಕೊಂಡರೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದರೆ ಹೆಜ್ಜೆ ಇನ್ನೂ ತಪ್ಪುತ್ತಿತ್ತು.

ಕೊನೆಗೊಂದು ದಿನ ಹವಾಲ್ದಾರರು ಎಲ್ಲರೆದುರು ಹೇಳಿಬಿಟ್ಟರು. "ಬರೋ ಸೋಮವಾರ ಕಮಲಾಪುರ ತನಕ ದೌಡ ಅದ. ಕತಾರು ಯಾರಿಂದ ಮುರೀತದೋ ಅವ ಅಲ್ಲೇ ವರ್ದಿ ಬಿಚ್ಚಿಟ್ಟು ಮನೀಗಿ ಹೋಗಬೇಕು."

ಹೇಳಿದ್ದು ಎಲ್ಲರಿಗೆ, ನೋಡಿದ್ದು ನನ್ನನ್ನು.

ಕಮಲಾಪುರವೇ ನನ್ನೂರು. ಹೊಲ ಬಿಟ್ಟು ಹೋದವನು ಮೂರು ತಿಂಗಳಿಗೆ ತಿರುಗಿ ಬರುತ್ತಾನೆ ಎಂದ ದೊಡ್ಡಪ್ಪನ ಮುಂದೆ ತೊಡೆ ತಟ್ಟಿ ಬಂದಿದ್ದೆ. ಅದೇ ಓಣಿಯಲ್ಲಿ ವರ್ದಿ ಇಲ್ಲದೆ ನಡೆಯುವುದನ್ನು ನೆನೆಸಿಕೊಂಡರೆ ಅನ್ನ ಇಳಿಯುತ್ತಿರಲಿಲ್ಲ. ಅದರ ಮೇಲೆ ನಾನೇ ಒಂದು ಹುಚ್ಚು ಕೆಲಸ ಮಾಡಿದ್ದೆ. ಸೋಮವಾರ ಹಾದಿಗೆ ಬಂದು ನೋಡು ಎಂದು ಗಾಡಿಯವನೊಬ್ಬನ ಕೈಲಿ ಅವ್ವನಿಗೆ ಹೇಳಿಕಳಿಸಿದ್ದೆ. ನಾಲ್ಕು ಹೊಲ ಆಚೆಯಿಂದಲೇ ನನ್ನ ನಡಿಗೆ ಗುರುತಿಸಿ ರೊಟ್ಟಿಗೆ ಹಂಚು ಇಡುತ್ತಿದ್ದ ಹೆಂಗಸು ಅವಳು.

ಮುಂದಿನ ಸಾಲಿನ ಬಲತುದಿ ನನ್ನದು. ನನ್ನ ಎಡಕ್ಕೆ ಮೋಮಿನಪುರದ ನೇಕಾರರೊಬ್ಬರು, ನನಗಿಂತ ನಾಲ್ಕೈದು ವರ್ಷ ಹಿರಿಯರು. ಓಟದ ಹಿಂದಿನ ದಿನ ನನ್ನನ್ನು ಬದಿಗೆ ಕರೆದರು.

"ತಮ್ಮಾ, ಕಣ್ಣಿಲೇ ನೋಡಬ್ಯಾಡ. ನಿನ್ನ ಮೊಣಕೈ ನನ್ನ ಮೊಣಕೈಗಿ ತಾಗಲಿ ಸಾಕು. ಎಲ್ಲಿ ಇದ್ದೀ ಅಂತ ಅದೇ ಹೇಳ್ತದ."

"ಆದ್ರೂ ತಪ್ಪಿದ್ರ?"

"ತಪ್ಪಿದ್ರ ಮನೀಗಿ ಹೋಗು. ನಾ ಏನು ನಿನ್ನ ಹೊತ್ಕೊಂಡು ಓಡ್ಲಾ?"

ನಸುಕಿನಲ್ಲಿ ಹೊರಟೆವು. ನೂರು ಹೆಜ್ಜೆ ಓಟ, ನೂರು ಹೆಜ್ಜೆ ನಡಿಗೆ. ಮಹಾಗಾಂವದಲ್ಲಿ ನೀರು ಕುಡಿಸಿದರು. ಅಷ್ಟರಲ್ಲೇ ನನ್ನ ಹಿಮ್ಮಡಿಯ ಬೊಕ್ಕೆ ಒಡೆದು ಕಾಲು ಬೂಟಿನೊಳಗೆ ಜಾರುತ್ತಿತ್ತು. ಕತ್ತು ಮಾತ್ರ ಕದಲಿಸಲಿಲ್ಲ. ಕಮಲಾಪುರದ ಬಾಳೆತೋಟಗಳು ಕಂಡಾಗ ಹವಾಲ್ದಾರರು ಓಡಲು ಹುಕುಂ ಕೊಟ್ಟರು.

ಅವ್ವ ಹಾದಿಯ ಬದಿಗೆ ನಿಂತಿರುತ್ತಾಳೆ ಅಂದುಕೊಂಡಿದ್ದೆ. ಅವಳು ಹಾದಿಯ ಮೇಲೆಯೇ, ಸರಿಯಾಗಿ ನನ್ನ ನೇರಕ್ಕೆ ನಿಂತಿದ್ದಳು. ಕೈಯಲ್ಲಿ ನೀರಿನ ಚೊಂಬು. ದೂರದಿಂದ ಬಂದವರ ಕಾಲಿಗೆ ನೀರು ಕೊಡದೆ ನಮ್ಮ ಮನೆಯಲ್ಲಿ ಒಳಗೆ ಕರೆಯುವುದಿಲ್ಲ.

"ಹಟ್ ಜಾವ್, ಅಮ್ಮಾ," ಸರಿಯಲು ಹವಾಲ್ದಾರರು ಕೂಗಿದರು. ಅವಳು ಅಲುಗಲಿಲ್ಲ.

ನಾನೊಬ್ಬನೇ ಸರಿದರೆ ಕತಾರು ಮುರಿಯುತ್ತದೆ. ಸರಿಯದಿದ್ದರೆ ಹೆತ್ತವಳನ್ನು ಕೆಡವಬೇಕು. ಹತ್ತು ಹೆಜ್ಜೆ ಉಳಿದಿತ್ತು, ಆಮೇಲೆ ಐದು. ಎಡ ಮೊಣಕೈಯನ್ನು ನೇಕಾರರ ಮೊಣಕೈಗೆ ಒತ್ತಿದೆ. ಅವರು ನೋಡಲಿಲ್ಲ, ಕೇಳಲಿಲ್ಲ. ಅವರೂ ಪಕ್ಕದವನಿಗೆ ಒತ್ತಿದರು. ನಾಲ್ವರೂ ಒಂದೇ ಸಲ ಎಡಕ್ಕೆ ಹೆಜ್ಜೆ ಇಟ್ಟೆವು. ಅವ್ವನ ಸೆರಗು ನನ್ನ ತೋಳಿಗೆ ತಾಗಿತು. ಹಿಂದಿನ ಸಾಲುಗಳೂ ನಮ್ಮ ಜಾಡಿನಲ್ಲೇ ಬಂದವು. ಬಿತ್ತುವಾಗ ಕೂರಿಗೆ ಬಂಡೆಯನ್ನು ಬಳಸಿ ಮತ್ತೆ ನೇರವಾಗುವ ಹಾಗೆ ನಾವೂ ನೇರವಾದೆವು. ನಾನು ಅವಳ ಮುಖ ನೋಡಲಿಲ್ಲ.

ಊರ ನಡುವೆ ನಿಲ್ಲಿಸಿ ಹವಾಲ್ದಾರರು ನನ್ನ ಮುಂದೆ ಬಂದು ನಿಂತರು. "ಕತಾರು ಮುರೀಲಿಲ್ಲ," ಎಂದರು. ಒಂದು ಗಂಟೆ ಮನೆಗೆ ಹೋಗಿ ಬಾ ಎಂದೂ ಹೇಳಿದರು.

ಖುಷಿಯಲ್ಲಿ ಕುಂಟುತ್ತಲೇ ಓಡಿದೆ. ನಿಲ್ಲದೆ ಓಡಿದ್ದಕ್ಕೆ ಅವ್ವನ ಬೈಗುಳ ಇದ್ದೇ ಇರುತ್ತದೆ, ಬಿದ್ದರೆ ಬೀಳಲಿ ಎಂದುಕೊಂಡಿದ್ದೆ. ಅವ್ವ ಕಟ್ಟೆಯ ಮೇಲೆ ಕುಳಿತಿದ್ದಳು, ತುಂಬಿದ ಚೊಂಬು ಪಕ್ಕದಲ್ಲೇ ಇತ್ತು.

"ಯವ್ವಾ, ಹಾದಿ ನಡುವ ಹಂಗ್ಯಾಕ ನಿಂತಿದ್ದಿ? ನನ್ನ ನೌಕರಿನೇ ಹೋಗ್ತಿತ್ತು."

ಅವಳು ನನ್ನ ಬೂಟಿನಿಂದ ಟೋಪಿಯವರೆಗೆ ನಿಧಾನವಾಗಿ ನೋಡಿದಳು.

"ಟೋಪಿ ಕೆಳಗ ಮಾರಿ ಗುರ್ತು ಹತ್ತಲಿಲ್ಲ, ಹಾದ್ಯಾಗೇ ನಿಂತು ಎಲ್ಲಾರ ನಡಿಗಿ ನೋಡ್ದೆ, ನಿಂದು ಸಿಗ್ಲಿಲ್ಲ. ನೀ ಬರ್ಲಿಲ್ಲ ಅಂತ ತಿರುಗಿ ಬಂದೆ," ಎಂದಳು. "ನೀನೂ ಅವರಾಗ ಇದ್ದೇನಪಾ?"